ಎನಿಡ್ ಅಂಗಡಿಯ ಕೊಕ್ಕರೆ

ಯಾರ್ಕ್‌ಶೈರಿನ ಥಾರ್ನ್‌ಬೆಕ್‌ನಲ್ಲಿ ಎಪ್ಪತ್ತರ ದಶಕದಲ್ಲಿ ಯಾರೂ ಸಿದ್ಧ ಮಫ್ಲರ್ ಕೊಳ್ಳುತ್ತಿರಲಿಲ್ಲ. ಎನಿಡ್ ಹೋಲ್ರಾಯ್ಡಳ ಅಂಗಡಿಗೆ ಹೋಗಿ, ಕಡುಗೆಂಪು-ಬಿಳಿ ಪಟ್ಟೆಯದೊಂದನ್ನು ಆರಿಸಿ, ಸ್ಟೂಲಿನ ಮೇಲೆ ಕೂರಬೇಕು. ಊರಿನ ಫುಟ್‌ಬಾಲ್ ತಂಡದ ಲಾಂಛನವಾದ ಕೊಕ್ಕರೆಯನ್ನು ಅವಳು ಕಣ್ಣೆದುರೇ ಹೊಲಿದು, ಅದರ ಕಾಲಡಿ ನೀವು ಮೊದಲ ಪಂದ್ಯ ನೋಡಿದ ಇಸವಿಯನ್ನು ನೂಲಿನಲ್ಲಿ ಬರೆದುಕೊಡುವಳು. ಈಗಲೂ ಕೆಲವು ಮನೆಗಳ ಕಪಾಟು ತೆರೆದರೆ ಅಂಥವು ಸಿಗುತ್ತವೆ, ನುಸಿಗುಳಿಗೆಯ ವಾಸನೆಯೊಂದಿಗೆ.

ಮಫ್ಲರಿಗೆ ಕೊಕ್ಕರೆ ಹಾಕಿ ಮಾರುವ ಹಕ್ಕು ಅವಳೊಬ್ಬಳದೇ. ತಂಡ ಸೋತು ಸುಣ್ಣವಾಗಿದ್ದ ವರ್ಷ, ಆಟಗಾರರ ಅಂಗಿಗಳನ್ನು ಪುಕ್ಕಟೆ ಒಗೆದು ತೇಪೆ ಹಾಕುತ್ತೇನೆಂದು ಒಪ್ಪಿ, ಕ್ಲಬ್ಬಿನಿಂದ ಏಳು ವರ್ಷಕ್ಕೆ ಬರೆಸಿಕೊಂಡಿದ್ದಳು. ಆಗ ಎಲ್ಲರೂ ನಕ್ಕಿದ್ದರು.

ಐದನೇ ವರ್ಷ, ಅಂದರೆ ಎಪ್ಪತ್ತೆಂಟರಲ್ಲಿ, ತಂಡ ಮೇಲಿನ ದರ್ಜೆಗೆ ಏರಿತು. ನಗರದ ದೊಡ್ಡ ಅಂಗಡಿಗೂ ಕೊಕ್ಕರೆ ಬೇಕೆನಿಸಿತು. ಕ್ಲಬ್ಬಿನ ಕಾರ್ಯದರ್ಶಿ ಕ್ಲಿಫರ್ಡ್ ಬ್ರೂಕ್ ಟೊಪ್ಪಿ ಕೈಯಲ್ಲಿ ಹಿಡಿದು ಬಂದ.

"ಹಕ್ಕು ಬಿಟ್ಕೊಡಮ್ಮಾ ಎನಿಡ್. ಮೈದಾನದಲ್ಲಿ ಜನ ನಿಂತು ಆಟ ನೋಡೋ ಪೂರ್ವದ ಕಟ್ಟೆಗೆ ಆ ದೊಡ್ಡ ಅಂಗಡಿಯವರು ಸೂರು ಹಾಕಿಸ್ತಾರಂತೆ. ನಿಮ್ಮಪ್ಪನೇ ಅಲ್ವಾ ನಲವತ್ತು ವರ್ಷದಿಂದ ಅಲ್ಲಿ ಮಳೇಲಿ ನೆನೀತಾ ನಿಂತಿರೋದು?"

ಎನಿಡ್‌ಳ ಸೂಜಿ ನಿಂತಿತು. ಅಪ್ಪನ ಕೆಮ್ಮು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕೌಂಟರಿನ ಹಿಂದೆ ಬುಟ್ಟಿಯಲ್ಲಿ ಎಂಟು ತಿಂಗಳ ಮಗಳು ಮಲಗಿದ್ದಳು. ಗಂಡ ದುಡಿಯುತ್ತಿದ್ದ ಗಿರಣಿ ಮುಚ್ಚಿದ ಮೇಲೆ ಮನೆ ನಡೆಸುತ್ತಿದ್ದುದು ಆ ಕೊಕ್ಕರೆಯೇ. ಅದು ಹೋದರೆ ಉಳಿಯುವುದು ಎಲ್ಲರಲ್ಲೂ ಸಿಗುವ ಉಣ್ಣೆ.

"ಇನ್ನೂ ಎರಡು ವರ್ಷ ಇದೆಯಲ್ಲ ಕ್ಲಿಫರ್ಡ್, ಬಿಡಲ್ಲ," ಎಂದಳು. "ಅಂಗಿಗಳು ಒಣಗಿವೆ, ತಗೊಂಡ್ಹೋಗಿ."

ದೊಡ್ಡ ಅಂಗಡಿ ಹಟಕ್ಕೆ ಬಿದ್ದು ಅದೇ ಪಟ್ಟೆಯ, ಕೊಕ್ಕರೆಯಿಲ್ಲದ ಬೋಳು ಮಫ್ಲರುಗಳನ್ನು ಅರ್ಧ ಬೆಲೆಗೆ ಸುರಿಯಿತು. ಜನ ಕೊಂಡರು. ಕೊಂಡು, ನೆಟ್ಟಗೆ ಎನಿಡ್‌ಳ ಬಳಿಗೇ ಬಂದರು.

"ಅಲ್ಲಿಂದ ತಂದದ್ದಾ?" ಎಂದು ಎನಿಡ್ ಕೇಳುವಳು.

"ಬೈಬೇಡ ಕಣೇ, ಅಗ್ಗಕ್ಕೆ ಸಿಕ್ತು. ಆದ್ರೆ ಕೊಕ್ಕರೆ ಇಲ್ದೆ ಹೆಂಗೆ ಕುತ್ತಿಗೆಗೆ ಸುತ್ಕೊಳ್ಲಿ? ನಲವತ್ತೊಂಬತ್ತು ಅಂತ ಬರಿ."

ಬಾಗಿಲಾಚೆಗೂ ಸಾಲು ನಿಂತಿತು. ಸೂರು ಮಾತ್ರ ಬರಲಿಲ್ಲ.

ಹೊಸ ಋತುವಿನ ಮೊದಲ ಶನಿವಾರವೇ ಮಳೆ. ಎನಿಡ್ ಮಗಳನ್ನು ಕೋಟಿನೊಳಗೆ ಅವಚಿಕೊಂಡು ಪೂರ್ವದ ಕಟ್ಟೆ ಹತ್ತಿದಳು. ಗಂಡಸರ ಟೊಪ್ಪಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬೊಬ್ಬರಾಗಿ ಅವಳತ್ತ ತಿರುಗಿದರು.

"ಬಂದ್ಲು ನೋಡ್ರಪ್ಪಾ, ನಮ್ಮ ಸೂರು ನುಂಗಿದವಳು!" ಅಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಸರಿದು ಜಾಗ ಬಿಟ್ಟಿತು.

ಅಪ್ಪ ತನ್ನ ಕೋಟಿನ ಗುಂಡಿ ಬಿಚ್ಚಿದ. "ಕೊಡಿಲ್ಲಿ ಕೂಸನ್ನ. ನಿನಗಿಂತ ನಾನು ಅಗಲ ಇದೀನಿ."