ಮಿಲ್ಲಿಂಗ್ ಮಷೀನಿನ ನಾಲ್ಕನೇ ಕಾಲು

ಮಾಗಳದ ಗೌರಮ್ಮ ಹೋದ ಸೋಮವಾರ ಬಸ್ ಇಳಿದವರೇ ಸೀದಾ ಹಡಗಲಿಯ ನನ್ನ ವರ್ಕ್‌ಶಾಪಿಗೆ ಬಂದರು. ಗೋಣಿಚೀಲದಲ್ಲಿ ಸುತ್ತಿದ್ದ ಗಿರಣಿಯ ಕಬ್ಬಿಣದ ಶಾಫ್ಟನ್ನು ನನ್ನ ಮುಂದೆ ಧೊಪ್ಪಂತ ಕುಕ್ಕಿದರು. ಕುಡಿಯಲು ನೀರೂ ಕೇಳಲಿಲ್ಲ.

"ಮೂರನೇ ಸಲ ಹೊತ್ಕೊಂಡು ಬಂದೀನ್ರಿ. ಇದು ಶಾಫ್ಟ್ ಐತೋ, ನನ್ನ ಕರ್ಮ ಐತೋ?"

ಗಂಡ ತೀರಿಕೊಂಡ ಮೇಲೆ ಒಬ್ಬರೇ ಹಿಟ್ಟಿನ ಗಿರಣಿ ನಡೆಸುತ್ತಿರುವ ಹೆಣ್ಣುಮಗಳು. ಗಿರಣಿಯ ಬೆಲ್ಟು ಓಡುವ ಪುಲ್ಲಿ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವುದು ಒಂದು ಕಬ್ಬಿಣದ ಕೀ. (ಬೀಗದ್ದಲ್ಲ, ಕಿರುಬೆರಳಿನಷ್ಟು ಉದ್ದದ ಚೌಕದ ತುಂಡು.) ಅದು ಕೂರಲು ಶಾಫ್ಟಿನಲ್ಲಿ ಕೊರೆಯುವ ಸಣ್ಣ ಕಾಲುವೆಗೆ ಕೀವೇ ಅನ್ನುತ್ತೇವೆ. ಅದನ್ನು ಎರಡು ಸಲ ಕೊರೆದವನು ನಾನೇ. ಎರಡು ಸಲವೂ ಅಂಚು ಇಲಿ ಕಡಿದಂತಾಗಿ, ಕೀ ಮೂರೇ ದಿನಕ್ಕೆ ಲಟಲಟ. ಗಿರಣಿ ಬಂದ್. ಜೋಳದ ಚೀಲ ಹೊತ್ತ ಹೆಂಗಸರೆಲ್ಲ ಪಕ್ಕದೂರಿನ ಗಿರಣಿಗೆ.

ಶಾಫ್ಟಿನಲ್ಲಿ ಇನ್ನೊಂದೇ ಕೀವೇಗೆ ಜಾಗ ಉಳಿದಿತ್ತು. ಇದೂ ಕೆಟ್ಟರೆ ಶಾಫ್ಟು ಗುಜರಿಗೆ, ಗೌರಮ್ಮನ ಗಿರಾಕಿಗಳು ಕಾಯಂ ಆಗಿ ಪಕ್ಕದೂರಿಗೆ.

ತಪ್ಪು ನನ್ನದಲ್ಲ, ಮಷೀನಿನದು! (ಹಾಗಂತ ಎರಡು ತಿಂಗಳಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ.) ಮೇಜಿನ ಮೇಲೆ ಕೂರುವ, ಕಬ್ಬಿಣ ಕೊರೆಯುವ ಪುಟ್ಟ ಮಿಲ್ಲಿಂಗ್ ಮಷೀನು. ದಾವಣಗೆರೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಕಟರ್ ಕಬ್ಬಿಣ ಮುಟ್ಟಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ. ಎಸ್‌ಟಿಡಿ ಬೂತಿನಿಂದ ಮಾರಿದವನಿಗೆ ಫೋನ್ ಮಾಡಿದರೆ, "ಸಣ್ಣ ಮಷೀನು ಸಾರ್, ಹಂಗೇ" ಅಂದ. ಹಂಗೇ ಅಂದರೆ ಹೆಂಗೆ?

ನಾನು ಮಾಡದ ಸೇವೆಯಿಲ್ಲ. ಬೆಡ್ಡು ಜಾರುವ ಪಟ್ಟಿಗಳ ಸ್ಕ್ರೂ ಬಿಗಿದೆ. ಕಟರನ್ನು ಆದಷ್ಟು ಗಿಡ್ಡ ಹಿಡಿದೆ. ಮರದ ಮೇಜು ತೆಗೆಸಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದೆ. ಕೊಟ್ಟೂರಿನಿಂದ ನನ್ನ ಗೆಳೆಯ, ವೆಲ್ಡರ್ ಖಾದರ್ ಬಂದು ಮಷೀನಿನ ಕಂಬಕ್ಕೆ ಬೆರಳಲ್ಲಿ ಬಡಿದು ನೋಡಿದ.

"ಒಳಗ ಬರೇ ಪೊಳ್ಳು ಐತಲೇ. ಕಾಂಕ್ರೀಟ್ ತುಂಬು."

ತುಂಬಿದೆವು. ಹಿಂದಿನ ಮನೆಯಿಂದ ಇಣುಕಿದ ಅವ್ವ, "ದಿನಾ ನೀರು ಹೊಡೀಬೇಕೇನೋ ಇದಕ್ಕ?" ಅಂತ ಕೇಳಿದಳು. ನಡುಕ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ.

"ಈ ಸಲ ನನ್ನೆದುರಿಗೇ ಕೊರೀರಿ" ಅಂತ ಗೌರಮ್ಮ ಎಣ್ಣೆ ಡಬ್ಬಿಯ ಮೇಲೆ ಕುಳಿತೇಬಿಟ್ಟರು. ಭಯವಾಗಿ, ಮೊದಲು ಒಂದು ಗುಜರಿ ತುಂಡಿನ ಮೇಲೆ ಕಟರ್ ಇಳಿಸಿದೆ. ಗಡಗಡ! ಗೌರಮ್ಮ ಎದ್ದು ಬಂದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಬಗ್ಗಿದರು.

"ಈ ಹಿಂದಿನ ಕಾಲಿನ ಕೆಳಗ ಏನ್ರಿ ಅದು, ಕೆಂಪಗ?"

ಅದು ಅವ್ವನ ಗಂಟು. ಮಷೀನು ಬಂದ ದಿನ ಪೂಜೆ ಮಾಡಿ, ಕೆಂಪು ಬಟ್ಟೆಯಲ್ಲಿ ಅಡಿಕೆ, ಅರಿಶಿಣ ಕೊಂಬು, ಮೈಲಾರದ ಭಂಡಾರ ಕಟ್ಟಿ ಆ ಕಾಲಿನ ಕೆಳಗೆ ಅವಳೇ ಇಟ್ಟಿದ್ದಳು. ಅದನ್ನು ಮುಟ್ಟುವ ಧೈರ್ಯ ಯಾರಿಗಿದೆ? ನಾನೇನು ಮಾಡಿದೆ ಗೊತ್ತೇ? ವರ್ನಿಯರ್ ಹಿಡಿದು ಗಂಟಿನ ದಪ್ಪ ಅಳೆದೆ! ಅಷ್ಟೇ ದಪ್ಪದ ಕಬ್ಬಿಣದ ತಗಡು ಕತ್ತರಿಸಿ ಉಳಿದ ಮೂರು ಕಾಲಿಗೂ ಕೊಟ್ಟೆ. ಗಂಟು ಅಪ್ಪಚ್ಚಿಯಾದೀತೆಂದು ಆ ಕಾಲಿನ ಬೋಲ್ಟ್ ಮಾತ್ರ ಬಿಗಿಯಲಿಲ್ಲ. ಬಟ್ಟೆ ಕುಸಿದಾಗಲೆಲ್ಲ ಮತ್ತೆ ಅಳತೆ, ಮತ್ತೆ ತಗಡು. ಸ್ಟ್ಯಾಂಡ್ ಬದಲಾದಾಗ ಗಂಟನ್ನೂ ಭಕ್ತಿಯಿಂದ ಅದೇ ಕಾಲಿನ ಕೆಳಗೆ ತಂದಿಟ್ಟೆ. ಇಂಥವನು ವಾರವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುತ್ತಾನೆ!

ಗೌರಮ್ಮ ಹಣೆ ಚಚ್ಚಿಕೊಂಡರು.

"ನಮ್ಮ ಗಿರಣಿಗೂ ಇಟ್ಟಿದ್ವಿ. ಪೂಜಿ ಆದ ಕೂಡ್ಲೆ ತೆಗೆದು ಜಗಲಿ ಮ್ಯಾಲೆ ಇಟ್ಟೀನಿ. ದೇವ್ರನ್ನ ಮಷೀನಿನ ಕಾಲಿಂದ ತುಳಸ್ತಾರೇನ್ರಿ ಯಾರಾದ್ರೂ?"

ನಾನು ಗಂಟಿನ ಕಡೆ ಕೈ ಚಾಚಿ ಮತ್ತೆ ಹಿಂದಕ್ಕೆಳೆದುಕೊಂಡೆ.

"ಎತ್ರಿ ಮಷೀನು. ನಾ ತೆಗೀತೀನಿ. ಪಾಪ ಬಂದ್ರ ನನಗಿರ್ಲಿ."

ನಾನು ಉಳಿದ ಬೋಲ್ಟ್ ಸಡಿಲಿಸಿ, ಸಲಾಕೆ ಹಾಕಿ ಎತ್ತಿದೆ. ಅವರು ಗಂಟು ಎಳೆದು, ಕಣ್ಣಿಗೊತ್ತಿಕೊಂಡು, ಗೋಡೆಯ ಗೂಡಿನಲ್ಲಿಟ್ಟರು. ತಗಡುಗಳೆಲ್ಲ ಮೂಲೆಗೆ ಹೋದವು. ನಾಲ್ಕೂ ಬೋಲ್ಟ್ ಬಿಗಿದೆ. ಗುಜರಿ ತುಂಡಿನ ಮೇಲೆ ಇನ್ನೊಮ್ಮೆ ನೋಡಿಕೊಂಡು ಶಾಫ್ಟಿಗೆ ಕಟರ್ ಇಳಿಸಿದೆ. ಗಡಗಡ ಇಲ್ಲ. ಕೀವೇಯ ಅಂಚು ನೇರ. ಕೀ ಸುತ್ತಿಗೆಯ ನಾಲ್ಕು ಸಣ್ಣ ಪೆಟ್ಟಿಗೆ ಹೋಗಿ ಕೂತಿತು, ಅಲ್ಲಾಡಿಸಿದರೂ ಅಲ್ಲಾಡದು. ಗೌರಮ್ಮ ಬೆರಳಾಡಿಸಿ ನೋಡಿದರು. "ಇಷ್ಟಕ್ಕ ನನ್ನ ಮೂರು ಸಲ ಬಸ್ಸಿನ್ಯಾಗ ತಿರುಗಿಸಿದ್ರಿ" ಅಂದು ಶಾಫ್ಟ್ ಹೊತ್ತು ಹೊರಟರು. ಗಿರಣಿ ಈಗ ಓಡುತ್ತಿದೆಯಂತೆ, ಜೋಳದ ಚೀಲಗಳೂ ವಾಪಸ್ ಬಂದಿವೆಯಂತೆ. ನನಗೆ ಖುಷಿಗಿಂತ ನಾಚಿಕೆಯೇ ಹೆಚ್ಚಾಯಿತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಅವ್ವನಿಗೆ ಹೇಳಲೇಬೇಕಿತ್ತು. ಹೆದರುತ್ತಲೇ ಹೇಳಿದೆ, ಗಂಟು ತೆಗೆದೆವು ಅಂತ.

ಅವಳು ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಇನ್ನೂ ಅಲ್ಲೇ ಇತ್ತೇನೋ? ಪೂಜಿ ದಿನಾನ ತೆಗೆದಿಟ್ಟಿರ್ತಾನ ಅಂತ ತಿಳ್ಕೊಂಡಿದ್ದೆ ನಾನು!"

ಕಂಬಕ್ಕೆ ಕಾಂಕ್ರೀಟ್ ತುಂಬಿಸಿದವನಿಗೆ, ಹೆತ್ತವ್ವನನ್ನು ಒಂದು ಮಾತು ಕೇಳಲು ಏನು ಧಾಡಿಯಾಗಿತ್ತು ಹೇಳಿ?