ಮೂರನೇ ತಿರುವಿನಲ್ಲಿ ನಿಂತವನು

ಆಗ ನನಗೆ ಅರವತ್ತೆರಡು. ನಾಲ್ಕು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನಾನು ರಿಮೋಟ್ ಗಾಡಿಯ ರೇಸಿಗೆ ಇಳಿದದ್ದು ಶೋಕಿಗಲ್ಲ. ಒಬ್ಬ ಮನುಷ್ಯ ನನ್ನ ಕಣ್ಣ ಮುಂದೆ ಬಗ್ಗಬೇಕಾಗಿತ್ತು. ಅದಕ್ಕೆ ಇಳಿದೆ.

ಗೋವೆಯ ದಾಬೋಲಿಮ್ ಮೇಲಿನ ಬಯಲಿನಲ್ಲಿ ಆ ಟ್ರ್ಯಾಕ್ ಇತ್ತು. ಮಣ್ಣು ಉಸಗಾಂವ ಕಡೆಯಿಂದ ಟಿಪ್ಪರಿನಲ್ಲಿ ಬಂದದ್ದು. ಅದನ್ನು ಹರಡಿ, ನೀರು ಹೊಡೆದು, ದಮ್ಮಸು ಬಡಿದು ಗಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು. ಬಾಯ್ನಾದಲ್ಲಿ ನಮ್ಮ ಮನೆ ಕೆಡವಿದ ಮೇಲೆ ಎಲ್ಲಿ ಮಣ್ಣಿನ ಕೆಲಸವೋ ಅಲ್ಲಿಗೆ ಹೋಗುವುದೇ ನನ್ನ ಬದುಕಾಗಿತ್ತು. ಟ್ರ್ಯಾಕ್ ಮುಗಿದಾಗ ಉಳಿದವರನ್ನು ಕಳಿಸಿ ನನ್ನೊಬ್ಬಳನ್ನು ಇಟ್ಟುಕೊಂಡರು. ದಿನಾ ಬೆಳಿಗ್ಗೆ ನೀರು ಹಾಕುವುದು, ಕಿತ್ತುಹೋದ ಕಡೆ ಮಣ್ಣು ತುಂಬಿ ಬಡಿಯುವುದು ನನ್ನ ಪಾಲಿಗೆ ಬಂತು.

ಗಾಡಿಗಳು ಮೊಣಕೈ ಉದ್ದ ಇರುತ್ತವೆ. ಒಳಗೆ ನಿಂಬೆಹಣ್ಣಿನಷ್ಟು ಎಂಜಿನ್, ಅದಕ್ಕೆ ನೈಟ್ರೋ ಅನ್ನುವ ಬೇರೆಯೇ ಎಣ್ಣೆ. ಕಿವಿ ಹರಿಯುವಂತೆ ಕಿರುಚುತ್ತ ಓಡುತ್ತವೆ. ಓಡಿಸುವವರು ಎತ್ತರದ ಅಟ್ಟದ ಮೇಲೆ ರಿಮೋಟ್ ಹಿಡಿದು ನಿಂತಿರುತ್ತಾರೆ. ಗಾಡಿ ಉರುಳಿ ಬಿದ್ದರೆ ಅವರು ಇಳಿದು ಬರುವಂತಿಲ್ಲ. ಒಂದೊಂದು ತಿರುವಿಗೆ ಒಬ್ಬ ಕೆಳಗೆ ನಿಂತಿರಬೇಕು, ಓಡಿ ಹೋಗಿ ನೆಟ್ಟಗೆ ಮಾಡಬೇಕು. ಅವನಿಗೆ ಮಾರ್ಷಲ್ ಅನ್ನುತ್ತಾರೆ. ಅದಕ್ಕೆ ಬೇರೆ ಆಳು ಇಡುವ ಪದ್ಧತಿ ಇಲ್ಲ. ಮೊದಲು ಓಡಿಸಿದವರು ಆಮೇಲಿನವರ ಓಟಕ್ಕೆ ನಿಲ್ಲಬೇಕು. ಯಾರ ಗಾಡಿಯ ನಂಬರು ಎಷ್ಟೋ ಅದೇ ನಂಬರಿನ ತಿರುವು ಅವರದು.

ಅವರಲ್ಲಿ ಒಬ್ಬ ಕಟ್ಟಡದ ಗುತ್ತಿಗೆದಾರ. ನಮ್ಮ ಕನ್ನಡ ಸೀಮೆಯವನೇ. ಅವನಪ್ಪ ನಮ್ಮೊಂದಿಗೆ ಬಂದರಿನಲ್ಲಿ ಮೂಟೆ ಹೊತ್ತವನು. ಮಗ ಮಾತ್ರ ನಮ್ಮ ಮುಖ ನೋಡಿದರೆ ಹಿಂದಿ ಮಾತಾಡುತ್ತಿದ್ದ, ಕೆಲಸ ಹೇಳುವಾಗ ಮಾತ್ರ ಕನ್ನಡ. ಅದೃಷ್ಟದ ನಂಬರು ಅಂತ ಯಾವಾಗಲೂ ಮೂರನ್ನೇ ಹಿಡಿಯುತ್ತಿದ್ದ. ಮೂರನೇ ತಿರುವು ಒಂದು ದಿಬ್ಬದ ಕೆಳಗಿದೆ. ಗಾಡಿಗಳು ಅಲ್ಲಿ ಹಾರಿ ಬೀಳುತ್ತವೆ. ಹೆಚ್ಚು ಬಗ್ಗುವ ಜಾಗ. ಒಂದು ಭಾನುವಾರ ತನ್ನ ಓಟ ಮುಗಿಸಿ ಬಂದವನು ನನಗೆ, ಹೋಗಿ ಮೂರರಲ್ಲಿ ನಿಲ್ಲು ಎಂದು ಕೈ ತೋರಿಸಿ ನೆರಳಿಗೆ ಹೋದ. ನಾನು ನಿಂತೆ. ಹೇಳಿದ ಕಡೆ ನಿಂತು ರೂಢಿ.

ಹೊಸಬರ ಓಟ ನಡೆದಿತ್ತು. ಒಂದು ಗಾಡಿ ದಿಬ್ಬ ಹಾರಿ ನೇರ ನನ್ನ ಕಾಲಿನ ಗಿಣ್ಣಿಗೆ ಬಡಿಯಿತು. ಕೂತುಬಿಟ್ಟೆ. ಓಟ ನಿಲ್ಲಿಸಿದರು, ಎಲ್ಲರೂ ಓಡಿ ಬಂದರು. ಗುತ್ತಿಗೆದಾರನೂ ಬಂದ. ಎಲ್ಲರ ಮುಂದೆ ಕೇಳಿದ.

"ಈ ಮುದುಕಿಗೆ ಇಲ್ಲಿ ನಿಲ್ಲಾಕ ಯಾರು ಹೇಳಿದ್ರು?"

ನಾನು ಆತನ ಮುಖ ನೋಡಿದೆ. ಆತ ನನ್ನ ಕಾಲು ನೋಡಲಿಲ್ಲ.

"ಕುಂತ್ಯಾಕ ನೋಡ್ತಿ? ಮೊದಲ ಆ ಗಾಡಿ ನೆಟ್ಟಗ ಮಾಡು. ನಿನ್ನಿಂದ ಎಲ್ಲಾ ನಿಂತೈತಿ."

ಮೊಣಕಾಲೂರಿ ತೆವಳಿ ಹೋಗಿ ಗಾಡಿ ನೆಟ್ಟಗೆ ಮಾಡಿದೆ. ಮುದುಕಿ ಟ್ರ್ಯಾಕಿನೊಳಗೆ ತಿರುಗಾಡಲು ಹೋಗಿ ಏಟು ತಿಂದಳು ಎಂದು ಮಾತಾಯಿತು. ಗಿಣ್ಣು ಒಂದೂವರೆ ತಿಂಗಳು ಬಾತಿತ್ತು. ಆತ ಒಂದು ದಿನ ನನ್ನ ಮುಂದೆ ಬಗ್ಗಬೇಕು, ಮಲಗಿದ್ದಲ್ಲಿ ನನಗೆ ಬೇರೆ ಯೋಚನೆ ಇರಲಿಲ್ಲ.

ಆ ಏಟಿನಿಂದ ಒಂದು ನಿಯಮ ಬಂತು. ಟ್ರ್ಯಾಕ್ ನೋಡಿಕೊಳ್ಳುವ ಮುದುಕ, ಹಡಗಿನ ಕೆಲಸ ಬಿಟ್ಟು ಬಂದ ಗೋವೆಯವನು, ಮೂರರಲ್ಲಿ ಯಾರು ನಿಲ್ಲಬೇಕಿತ್ತು ಎಂದು ಗೊತ್ತಿದ್ದವನು, ಬೋರ್ಡಿಗೆ ಬರೆದು ಹಾಕಿದ. ಮುಂದಿನ ದೊಡ್ಡ ರೇಸಿನಿಂದ ತಿರುವಿಗೆ ತಾವೇ ನಿಲ್ಲಬೇಕು, ಬದಲಿಗೆ ಇನ್ನೊಬ್ಬರನ್ನು ಕಳಿಸಿದರೆ ಕಳಿಸಿದವರ ಗೆಲುವು ಹೋಯಿತು. ಅಂದರೆ ಆ ಗುತ್ತಿಗೆದಾರ ಹೊಸಬರ ಓಟಕ್ಕೆ ಮೂರರಲ್ಲಿ ನಿಲ್ಲಲೇಬೇಕು. ನಾನು ಹೊಸಬರಲ್ಲಿ ಒಬ್ಬಳಾದರೆ ಸಾಕು.

ನಮ್ಮ ಓಣಿಯಲ್ಲಿ ವಿಜಯಪುರ ಕಡೆಯ ಒಬ್ಬ ಸಾಬರ ಮಿಸ್ತ್ರಿ ಇದ್ದ. ಬೈಕ್ ರಿಪೇರಿ ಅವನ ಕೆಲಸ, ಭಾನುವಾರ ರೇಸಿನವರ ಎಂಜಿನ್ ನೋಡುತ್ತಿದ್ದ. ಯಾರೋ ಗಲ್ಫಿಗೆ ಹೋಗುವಾಗ ಬಿಟ್ಟು ಹೋದ ಒಂದು ಗಾಡಿ ಅವನ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕೇಳಿದೆ. ಯಾಕೆ ಎಂದ.

"ಆ ಮನುಷ್ಯಾ ನನ್ನ ಗಾಡಿ ಎತ್ತಬೇಕು. ಅಷ್ಟ."

ಅವನು ಕೈ ಒರೆಸಿಕೊಳ್ಳುತ್ತ ನಿಂತ.

"ಹಂಗಾದ್ರ ಚಲೋ ಎಂಜಿನ್ ಬೇಕು ಯಕ್ಕಾ. ನಡುವ ಬಂದ್ ಬಿದ್ರ ಎತ್ತಿ ಹೊರಗ ಒಗೀತಾರ. ಓಡೋ ಗಾಡಿನ ಮಾತ್ರ ನೆಟ್ಟಗ ಮಾಡ್ತಾರ."

ಕಲಿಯಲು ಶುರು ಮಾಡಿದೆ. ಮೊದಲ ವಾರವೇ ಕೆಡಿಸಿದೆ. ಓಡಿಸಿದ ಮೇಲೆ ಮೈಯೆಲ್ಲ ಎಣ್ಣೆ, ಕೆಂಪು ಮಣ್ಣು. ಪಾತ್ರೆ ತಿಕ್ಕಿದ ಹಾಗೆ ಸಾಬೂನು ಹಚ್ಚಿ ತಿಕ್ಕಿ, ನೀರು ಸುರಿದು, ಬಿಸಿಲಿಗೆ ಬೋರಲು ಹಾಕಿದೆ. ಮರುದಿನ ಎಂಜಿನ್ ಜಪ್ಪಯ್ಯ ಅನ್ನಲಿಲ್ಲ, ಒಳಗೆಲ್ಲ ತುಕ್ಕು. ಮಿಸ್ತ್ರಿ ಬಿಚ್ಚಿ ನೋಡಿದ. ಒಳಗಿನ ಬೇರಿಂಗಿನ ಗುಂಡುಗಳನ್ನೆಲ್ಲ ಬದಲಿಸಿದ. ಓಡಿಸಿದ ತಕ್ಷಣ ಉಳಿದ ನೈಟ್ರೋ ಸುಟ್ಟು ಖಾಲಿ ಮಾಡಿ, ನಾಲ್ಕು ಹನಿ ಎಣ್ಣೆ ಬಿಡಬೇಕು ಎಂದು ತೋರಿಸಿದ.

ಎಂಜಿನ್ನಿಗೆ ಗಾಳಿ ಎಷ್ಟು, ಎಣ್ಣೆ ಎಷ್ಟು ಎಂದು ಒಂದು ಸಣ್ಣ ತಿರುಪು ತಿರುಗಿಸಿ ಹೊಂದಿಸುತ್ತಾರೆ. ತಪ್ಪಿದರೆ ಕಾದು ಸಾಯುತ್ತದೆ. ಉಳಿದವರು ಬಿಸಿ ಅಳೆಯುವ ಯಂತ್ರ ಹಿಡಿಯುತ್ತಿದ್ದರು. ನಾನು ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಟ್ಟೆ. ರೊಟ್ಟಿ ಹಾಕುವ ಮೊದಲು ಹಂಚು ನೋಡುವುದು ಹಾಗೆಯೇ. ಹನಿ ಬಿದ್ದ ಕೂಡಲೇ ಚುಂಯ್ ಎಂದು ಹಾರಿದರೆ ಕಾದದ್ದು ಹೆಚ್ಚಾಯಿತು. ನಿಧಾನ ಕುದಿದು ಆರಿದರೆ ಸರಿ. ಮಿಸ್ತ್ರಿ ತನ್ನ ಯಂತ್ರ ಹಿಡಿದು ನೋಡಿದ, ಲೆಕ್ಕ ಸರಿ ಬಂತು. ಅಲ್ಲಿಂದ ಮುಂದೆ ತಿರುಪು ನನ್ನ ಕೈಗೇ ಬಿಟ್ಟ.

ಹೊಸಬರೆಲ್ಲ ಸೋಲುವುದು ಗಾಡಿ ತಮ್ಮ ಕಡೆಗೆ ತಿರುಗಿ ಬರುವಾಗ. ಆಗ ಅದರ ಎಡ ನಮಗೆ ಬಲ. ನನಗೆ ಅದು ಕಷ್ಟವಾಗಲಿಲ್ಲ. ಟಿಪ್ಪರಿನ ಎದುರು ನಿಂತು, ಡ್ರೈವರನ ಎಡ ಬಲ ನೋಡಿ ಕೈ ತೋರಿಸುತ್ತ ಮೂವತ್ತು ವರ್ಷ ಕಳೆದಿದ್ದೆ. ಮಣ್ಣಂತೂ ನಾನು ಬಡಿದದ್ದೇ. ಎಲ್ಲಿ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ, ಯಾರೂ ಹೇಳಬೇಕಾಗಿರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಆ ದೊಡ್ಡ ರೇಸಿಗೆ ಹೆಸರು ಕೊಡಲು ಹೋದೆ. ಹಡಗಿನ ಮುದುಕ ನಕ್ಕ. ಅಜ್ಜಿ ಬಂದರೆ ಜನ ನೋಡಲು ಬರುತ್ತಾರೆ ಎಂದು ಹಿಂದಿಯಲ್ಲಿ ಹೇಳಿ ಬರೆದುಕೊಂಡ. ನಗಲಿ ಎಂದು ಬಿಟ್ಟೆ. ಗುತ್ತಿಗೆದಾರ ಕೇಳಿಸಿಕೊಂಡು, ಅಟ್ಟ ಹತ್ತುವಾಗ ಸೀರೆ ಕಾಲಿಗೆ ಸಿಕ್ಕೀತು, ನೋಡಿಕೋ ಎಂದ. ಆ ಅಟ್ಟದ ಕಬ್ಬಿಣ ತಲೆಯ ಮೇಲೆ ಹೊತ್ತು ತಂದವಳು ನಾನು. ಹತ್ತಿದ್ದು ಮಾತ್ರ ರೇಸಿನ ದಿನವೇ ಮೊದಲು, ಕಲಿತದ್ದೆಲ್ಲ ಕೆಳಗೆ ನಿಂತು. ಮೇಲಿನಿಂದ ಎಲ್ಲರ ನೆತ್ತಿ ಕಾಣುತ್ತಿತ್ತು. ಗುತ್ತಿಗೆದಾರನ ನೆತ್ತಿಯಲ್ಲಿ ಕೂದಲು ಉದುರಿತ್ತು.

ಅದಕ್ಕೂ ಮೊದಲು ಪಳಗಿದವರ ಓಟದಲ್ಲಿ ಆತ ಗೆದ್ದಿದ್ದ. ಹಾಗಾಗಿ ಗೆಲುವು ಉಳಿಸಿಕೊಳ್ಳಲು ಮೂರರಲ್ಲಿ ಬಂದು ನಿಂತ. ಎಲ್ಲರಿಗೂ ಕೈಗವಸು ಕೊಟ್ಟಿದ್ದರು. ಆತ ಕಿಸೆಗೆ ತುರುಕಿ, ಕೈ ಕಟ್ಟಿ, ಮೊಬೈಲ್ ಹಿಡಿದ ಗೆಳೆಯರ ಕಡೆ ನೋಡುತ್ತ ನಿಂತಿದ್ದ.

ಹದಿನೈದು ನಿಮಿಷದ ಓಟ. ಮೊದಲ ಸುತ್ತಿನಲ್ಲೇ ಅಲ್ಲಿ ಉರುಳಿಸಬೇಕು ಎಂದುಕೊಂಡಿದ್ದೆ. ಆದರೆ ಗಾಡಿ ಚಲೋ ಓಡಿತು, ನನಗೂ ಬಿಡಲು ಮನಸ್ಸಾಗಲಿಲ್ಲ. ಒಬ್ಬೊಬ್ಬರನ್ನೇ ದಾಟಿದೆ. ಎಣ್ಣೆ ತುಂಬಿಸಿಕೊಳ್ಳಲು ಗಾಡಿ ಬಂದಾಗ ಕೆಳಗಿನಿಂದ ಮಿಸ್ತ್ರಿ ಒಂದು ಬೆರಳು ತೋರಿಸಿದ. ನಾನೇ ಮುಂದಿದ್ದೆ. ಕೊನೆಗೆ ಇನ್ನೆರಡು ಸುತ್ತು ಉಳಿದಿತ್ತು. ಹಾಗೇ ಬಿಟ್ಟರೆ ಗೆಲ್ಲುತ್ತಿದ್ದೆ. ಗೆದ್ದು ಇಳಿದು ಹೋದರೆ ಆತ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದ.

ದಿಬ್ಬಕ್ಕೆ ಬಂದಾಗ ರಿಮೋಟಿನ ವೇಗದ ಕೀಲು ಪೂರ್ತಿ ಎಳೆದು, ಅದರ ಚಕ್ರ ತಿರುಗಿಸಿದೆ. ಗಾಡಿ ಹಾರಿ ಆತನ ಬೂಟಿನ ಹತ್ತಿರ ಅಂಗಾತ ಬಿತ್ತು.

ಆತ ಕದಲಲಿಲ್ಲ. ಅಟ್ಟದ ಮೇಲಿದ್ದವರು ಮಾರ್ಷಲ್, ಮಾರ್ಷಲ್ ಎಂದು ಕೂಗಿದರು. ಆತ ತಲೆಯೆತ್ತಿ ನನ್ನನ್ನು ನೋಡಿದ. ಅವನಿಗೆ ಅರ್ಥವಾಯಿತು.

"ಬಗ್ರಿ ಸಾಹೇಬ್ರ," ಅಂದೆ. "ನಿಮ್ಮಿಂದ ಎಲ್ಲಾ ನಿಂತೈತಿ."

ಬಗ್ಗಿದ. ಗಾಡಿಯನ್ನು ಬೆನ್ನಿನ ರೆಕ್ಕೆ ಹಿಡಿದು ಎತ್ತಬೇಕು. ಒಂದು ದಿನ ತಿರುವಿಗೆ ನಿಂತವನಿಗೂ ಅದು ಗೊತ್ತು. ಆತ ಎಂದೂ ನಿಂತವನಲ್ಲ. ಬರಿಗೈಯನ್ನು ಅಡಿಗೆ ಹಾಕಿದ. ಎಂಜಿನ್ನಿನ ತಲೆ ಅಲ್ಲೇ ಇರುತ್ತದೆ. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಚರ್ಮ ಸುಟ್ಟು ಕೈ ಕೊಡವಿದ, ಗಾಡಿ ಮತ್ತೆ ಅಂಗಾತ ಬಿತ್ತು. ಎರಡನೇ ಸಲ ಮೊಣಕಾಲೂರಿ, ಕೈಗವಸು ಹಾಕಿಕೊಂಡು ಎತ್ತಿದ. ಗೆಳೆಯರ ಮೊಬೈಲು ಎಲ್ಲವನ್ನೂ ಹಿಡಿಯಿತು.

ನಾನು ನಾಲ್ಕನೆಯವಳಾದೆ. ಮಿಸ್ತ್ರಿಗೆ ಸಿಟ್ಟು ಬಂದಿತ್ತು. ಗೆದ್ದದ್ದನ್ನು ಕೈಯಾರೆ ಕಳೆದೆಯಲ್ಲ, ನನ್ನ ನಾಲ್ಕು ತಿಂಗಳು ಎಲ್ಲಿ ಹೋಯಿತು ಎಂದ. ನಾನು ಬಂದ ಕೆಲಸ ಆಯಿತು ಎಂದೆ. ಅವನಿಗೆ ಅದು ಸರಿ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನನ್ನ ಗಿಣ್ಣು ಮಳೆ ಬಂದಾಗ ಇನ್ನೂ ನೋಯುತ್ತದೆ, ಅದೇನು ವಾಸಿಯಾಗಲಿಲ್ಲ. ಆದರೆ ಒಳಗೆ ಕುಟುಕುತ್ತಿದ್ದದ್ದು ನಿಂತಿತು.

ಮರುದಿನ ಬೆಳಿಗ್ಗೆ ಎಂದಿನಂತೆ ಟ್ರ್ಯಾಕಿಗೆ ಹೋದೆ. ಮೂರನೇ ತಿರುವಿನಲ್ಲಿ, ಹಿಂದಿನ ದಿನ ಹಸಿಯಿದ್ದ ಮಣ್ಣಿನಲ್ಲಿ ಆತನ ಮೊಣಕಾಲಿನ ಗುರುತು ಒಣಗಿ ಗಟ್ಟಿಯಾಗಿತ್ತು. ಅದರ ಪಕ್ಕ ಕೂತು ಚಹಾ ಕುಡಿದೆ, ಎರಡು ಪಾವ್ ಬ್ರೆಡ್ ತಿಂದೆ. ಆಮೇಲೆ ಎದ್ದು, ಅಲ್ಲಿಗೆ ನೀರು ಸುರಿದು ದಮ್ಮಸಿನಿಂದ ಬಡಿದು ಸಮ ಮಾಡಿದೆ.