ಅಕ್ಕಲಕೋಟದಲ್ಲಿ ಮಾಡಿದ ಸ್ಕೀ

ನನ್ನ ತಮ್ಮ ಫೌಜಿನಿಂದ ಮನೆಗೆ ಬಂದಾಗ ಅವನ ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಉಳಿದಿದ್ದವು. ಎಡಗೈಯಲ್ಲಿ ಐದೂ ಇದ್ದವು, ಆದರೆ ತುದಿಗಳಿಗೆ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಕಾಲಿನ ಬೆರಳುಗಳಂತೂ ಪೂರ್ತಿ ಹೋಗಿದ್ದವು. ಉತ್ತರದ ಯಾವುದೋ ಪರ್ವತದ ಮೇಲೆ ಮೂರು ದಿನ ಹಿಮದಲ್ಲಿ ಸಿಕ್ಕಿಬಿದ್ದು, ಬೆರಳುಗಳು ಕಪ್ಪಾಗಿ, ಆಸ್ಪತ್ರೆಯಲ್ಲಿ ಕತ್ತರಿಸಿದ್ದರಂತೆ. ಇದು ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ಸತ್ತ ಮೇಲೆ ನಮ್ಮೂರು ಕರಜಗಿಯ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ, ಅವ್ವ ಮತ್ತು ನಾನು ಅಕ್ಕಲಕೋಟದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದ್ದೆವು. ನಾನು ಗಂಡನ ಮನೆ ಬಿಟ್ಟು ಬಂದು ಆಗ ನಾಲ್ಕು ವರ್ಷ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಬಂದು ಆರು ತಿಂಗಳು ತಮ್ಮ ಗೋಡೆಗೆ ಒರಗಿ ಕೂತೇ ಕಳೆದ. ಆಮೇಲೆ ಅವನ ಹಳೆಯ ಸಾಹೇಬರಿಂದ ಒಂದು ಪತ್ರ ಬಂತು, ಹಿಂದೆಯೇ ಒಂದು ಪಾರ್ಸೆಲ್. ಹಿಮದ ಮೇಲೆ ಜಾರಿಕೊಂಡು ಹೋಗಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗೆ ಸ್ಕೀ ಎನ್ನುತ್ತಾರೆ. ತಮ್ಮ ಅಲ್ಲಿ ಅದನ್ನು ಓಡಿಸುವುದನ್ನೂ ಮುರಿದರೆ ಕೂಡಿಸುವುದನ್ನೂ ಕಲಿತಿದ್ದ. ಈಗ ಪರ್ವತದ ತರಬೇತಿ ಶಾಲೆಯೊಂದಕ್ಕೆ ಸ್ಕೀ ಮಾಡುವ, ರಿಪೇರಿ ಮಾಡುವ ಮನುಷ್ಯ ಬೇಕಾಗಿದ್ದಾನೆ, ಒಂದು ಹಲಗೆ ಮಾಡಿ ಕಳಿಸು, ಚೆನ್ನಾಗಿದ್ದರೆ ನಿನ್ನನ್ನೇ ಕರೆಸಿಕೊಳ್ಳುತ್ತೇನೆ ಎಂದು ಸಾಹೇಬರು ಬರೆದಿದ್ದರು. ಪಾರ್ಸೆಲ್‌ನಲ್ಲಿ ಒಂದು ಹಲಗೆಗೆ ಸಾಲುವಷ್ಟು ಅಂಟು ಇತ್ತು. ಎರಡು ಡಬ್ಬಿ, ಬೆರೆಸಿದ ಮೇಲೆ ಗಟ್ಟಿಯಾಗುವಂಥದ್ದು.

ಪತ್ರ ಓದಿದ ದಿನ ತಮ್ಮ ಎದ್ದು ಗಡ್ಡ ಬೋಳಿಸಿಕೊಂಡ. ಇವನು ಹೊರಟೇಬಿಟ್ಟ ಎಂದುಕೊಂಡೆ ನಾನು.

ತೆಳ್ಳನೆಯ ಮರದ ಪಟ್ಟಿಗಳನ್ನು ಅಂಟು ಹಚ್ಚಿ ಒಂದರ ಮೇಲೊಂದು ಇಟ್ಟು, ಮುಂದಿನ ತುದಿ ಮೇಲಕ್ಕೆ ಬಾಗಿದ ಅಚ್ಚಿನ ಮೇಲೆ ಒತ್ತಿ ಹಿಡಿಯಬೇಕು. ಬಡಗಿಗಳಾದರೆ ಇಪ್ಪತ್ತು ಕಡೆ ಶಿಕಂಜ, ಅಂದರೆ ತಿರುಪಿನ ಹಿಡಿಕೆ, ಹಾಕಿ ತಿರುವಿ ಬಿಗಿಯುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಅಂಟು ಬೇಗ ಗಟ್ಟಿಯಾಗುತ್ತದೆ, ಅಷ್ಟರಲ್ಲಿ ಇಪ್ಪತ್ತು ಶಿಕಂಜ ತಿರುವಲು ಅವನಿಗೆ ಬೆರಳುಗಳೆಲ್ಲಿ? ಅದಕ್ಕೇ ಅವನು ಬೇರೆ ದಾರಿ ಯೋಚಿಸಿದ್ದ. ಸೊಲ್ಲಾಪುರಕ್ಕೆ ಹೋಗಿ ಪಂಕ್ಚರ್ ಅಂಗಡಿಯಿಂದ ಲಾರಿಯ ಹಳೆಯ ಟ್ಯೂಬು ತಂದ. ಅದನ್ನು ಅಡ್ಡ ಕತ್ತರಿಸಿದರೆ ಆಳುದ್ದಕ್ಕೂ ಹೆಚ್ಚಿನ ರಬ್ಬರ್ ಚೀಲ. ಅಚ್ಚನ್ನೂ ಪಟ್ಟಿಗಳನ್ನೂ ಒಳಗೆ ತೂರಿಸಿ, ಎರಡೂ ಬಾಯಿ ಕಟ್ಟಿ, ಟ್ಯೂಬಿನ ಗಾಳಿ ತುಂಬುವ ವಾಲ್‌ನಿಂದ ಗಾಳಿ ಹೀರಿ ತೆಗೆಯುವುದು. ಹೀರಲಿಕ್ಕೆ ಸೈಕಲ್ ಪಂಪು. ಅದರೊಳಗಿನ ಚರ್ಮದ ವಾಶರ್ ತಿರುವಿ ಹಾಕಿದರೆ ಪಂಪು ತುಂಬುವ ಬದಲು ಎಳೆಯುತ್ತದೆ.

"ಗಾಳಿ ತಗದ್ರ ಅದೇನ ಒತ್ತತೈತಿ?" ಎಂದು ಅವ್ವ ಕೇಳಿದಳು.

"ಒಳಗ ಗಾಳಿ ಇಲ್ಲಂದ್ರ ಹೊರಗಿನ ಗಾಳಿನ ಒತ್ತತೈತಿ ಅವ್ವಾ. ಎಲ್ಲಾ ಕಡಿಂದ, ಒಂದ ಸಮ. ನನ್ನ ಬೆರಳಿನ ಹಂಗಿಲ್ಲ ಅದಕ್ಕ."

ಪಟ್ಟಿ ಸೀಳಿಸಲು, ಅಚ್ಚು ಮಾಡಿಸಲು ನಾನೇ ಅವನ ಜೊತೆ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋದೆ. ಮಗ್ಗದ ಸಾಮಾನು ಮಾಡುವ ಬಡಗಿ, ತಮ್ಮ ಹೇಳಿ ನನ್ನಿಂದ ಬರೆಸಿದ ನಕ್ಷೆ ನೋಡಿ, "ಕಾಯ್ ರೇ ಫೌಜಿ, ಹೋಡೀ ಕರ್ತೋಸ್ ಕೀ ಕಾಯ್?" ಎಂದು ನಕ್ಕ. ದೋಣಿ ಮಾಡುತ್ತೀಯೇನೋ ಎಂದು. ಬೇರೆ ಹೊತ್ತಿನಲ್ಲಿ ಯಾರಾದರೂ ತಮ್ಮನನ್ನು ನೋಡಿ ಹೀಗೆ ನಕ್ಕಿದ್ದರೆ ನಾನು ಅವರ ಗ್ರಹಚಾರ ಬಿಡಿಸುತ್ತಿದ್ದೆ. ಆದರೆ ತಮ್ಮನೂ ನಕ್ಕುಬಿಟ್ಟ. ಅವನು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ಮೊದಲು ಅಂಟಿಲ್ಲದೆ ಪರೀಕ್ಷೆ ಮಾಡಿದೆವು. ಟ್ಯೂಬು ಎರಡು ಕಡೆ ಸೋರಿತು, ತೇಪೆ ಹಾಕಿಸಿದೆವು. ರಬ್ಬರು ಒಂದೇ ಕಡೆ ಅಂಟಿಕೊಂಡು ಉಳಿದ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಅದಕ್ಕೂ ತಮ್ಮನೇ ಉಪಾಯ ಕಂಡ. ಪಟ್ಟಿಗಳ ಮೇಲೆ ಒರಟು ಕಂಬಳಿಯ ತುಂಡು ಹಾಸಿದರೆ ಉಣ್ಣೆಯ ಸಂದಿಯಿಂದ ಗಾಳಿ ಹರಿದುಬರುತ್ತದೆ. ಅವ್ವ ಗೊಣಗುತ್ತಲೇ ಕಂಬಳಿ ಕೊಟ್ಟಳು. ಪಂಪಿನ ಹಿಡಿಯನ್ನು ಅವನು ಮುಂಗೈಯಿಂದ ಎಳೆಯುತ್ತಿದ್ದ, ದಣಿದರೆ ನಾನು ಎಳೆಯುತ್ತಿದ್ದೆ. ರಬ್ಬರು ಮರಕ್ಕೆ ಬಿಗಿಯಾಗಿ ಕಚ್ಚಿಕೊಂಡಾಗ ಅವನು ಮೊಣಕೈಯಿಂದ ತಟ್ಟಿ, "ನೋಡಕ್ಕಾ, ಕಲ್ಲ ಆಗೇತಿ" ಎಂದ.

ಅಂಟು ಹಚ್ಚುವ ದಿನ ಪಟ್ಟಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಮತ್ತೆ ಒರೆಸಿದ. "ಚಿಟಿಕಿ ಧೂಳ ಇದ್ರೂ ಅಂಟು ಹಿಡಿಯಾಂಗಿಲ್ಲ," ಎಂದು ನನಗೆ ಮೂರು ಸಲ ಹೇಳಿದ. ಬಣ್ಣ ಹಚ್ಚುವ ಕುಂಚವನ್ನು ಬಲ ಅಂಗೈಗೆ ಬಟ್ಟೆಯಿಂದ ಕಟ್ಟಿಸಿಕೊಂಡು ಒಂದೊಂದೇ ಪಟ್ಟಿಗೆ ಅಂಟು ಬಳಿದ. ನಡುವಿನ ಪಟ್ಟಿ ಬಳಿದಾದ ಮೇಲೆ, ಡಬ್ಬಿಯ ತಳದಲ್ಲಿ ಉಳಿದದ್ದನ್ನು ಕೆರೆಯಲು ಅತ್ತ ತಿರುಗಿದ. ನಾನು ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದ, ನಮ್ಮ ಮನೆದೇವರು ಬೀರಪ್ಪನ ಭಂಡಾರವನ್ನು ಒಂದು ಹಿಡಿ ಪಟ್ಟಿಯ ಉದ್ದಕ್ಕೂ ಉದುರಿಸಿ, ಮೇಲಿನ ಪಟ್ಟಿ ಮುಚ್ಚಿದೆ.

ಹೊಸ ಕೆಲಸಕ್ಕೆ ಭಂಡಾರ ಬೀಳದಿದ್ದರೆ ನಮ್ಮ ಮನೆತನದಲ್ಲಿ ಯಾರಿಗೂ ಸಮಾಧಾನವಿಲ್ಲ. ಕುರಿ ಹಟ್ಟಿಯಿಂದ ಹೊರಟರೂ ಭಂಡಾರ, ಮಗು ಹುಟ್ಟಿದರೂ ಭಂಡಾರ. ಅದೂ ಅರಿಶಿನದ ಪುಡಿಯೇ, ಅದೂ ಧೂಳೇ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಲಗೆ ಚೆನ್ನಾಗಿ ಆಗಲಿ ಎಂದೇ ಉದುರಿಸಿದೆ. ನಂಬುವವರು ನಂಬಲಿ.

ಎರಡು ದಿನ ಬಿಟ್ಟು ಟ್ಯೂಬು ಬಿಚ್ಚಿದೆವು. ಹಲಗೆ ನೋಡಲು ಬಲು ಚೆಂದವಿತ್ತು, ಮುಂದಿನ ತುದಿ ಸೊಗಸಾಗಿ ಬಾಗಿತ್ತು. ತಮ್ಮ ಅದನ್ನು ಎರಡು ಮಣೆಗಳ ಮೇಲೆ ಇಟ್ಟು ನಡುವೆ ಕಾಲೂರಿ ಭಾರ ಬಿಟ್ಟ. ಹಲಗೆ ಚಪಾತಿಯ ಪದರಿನಂತೆ ಎರಡಾಗಿ ಬಿಚ್ಚಿಕೊಂಡಿತು. ಉಳಿದ ಪಟ್ಟಿಗಳೆಲ್ಲ ಕಚ್ಚಿಕೊಂಡೇ ಇದ್ದವು. ಬಿಟ್ಟದ್ದು ನಡುವಿನ ಒಂದೇ ಪದರು.

ಅವನು ಬಗ್ಗಿ ನೋಡಿದ. ಅಂಟಿನ ಬಣ್ಣವೇ ಹಳದಿಗೆ ತಿರುಗಿದ ಬೆಲ್ಲದ್ದು, ಅದರಲ್ಲಿ ಅರಿಶಿನ ಅವನಿಗೆ ಕಾಣಲಿಲ್ಲ. ನನಗೆ ವಾಸನೆ ಬಂತು.

"ಸಮ ಬಳದಿಲ್ಲ ನಾ," ಎಂದ. "ಕೈಗೆ ತಿಳೀಲೇ ಇಲ್ಲ. ಸತ್ತಾವಕ್ಕಾ ಇವು."

ಆಗ ಒಂದು ಮಾತು ಸಾಕಿತ್ತು. ತಪ್ಪು ನನ್ನದು, ನಿನ್ನ ಕೈಗಳು ಚೆನ್ನಾಗಿಯೇ ಕೆಲಸ ಮಾಡಿವೆ, ಸಾಹೇಬರಿಗೆ ಬರೆದು ಇನ್ನೊಮ್ಮೆ ಅಂಟು ತರಿಸು. ಬಾಯಿಯವರೆಗೆ ಬಂತು. ಹಿಂದೆಯೇ ಇನ್ನೊಂದು ಯೋಚನೆಯೂ ಬಂತು: ಹೇಳದಿದ್ದರೆ ಇವನು ಹೋಗುವುದಿಲ್ಲ. ಅವನು ಮತ್ತೆ ಆ ಹಿಮಕ್ಕೆ ಹೋಗಿ ಇನ್ನೇನು ಕಳೆದುಕೊಂಡು ಬರುತ್ತಾನೋ ಎಂಬ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ಅದಷ್ಟೇ ಅಲ್ಲ. ಅವನಿಲ್ಲದ ಮನೆಯಲ್ಲಿ ನಾನು ಗಂಡನನ್ನು ಬಿಟ್ಟು ಬಂದವಳು. ಅವನಿದ್ದರೆ ತಮ್ಮನನ್ನು ನೋಡಿಕೊಳ್ಳುವ ಅಕ್ಕ. ಓಣಿಯವರು ನನ್ನೊಡನೆ ನೆಟ್ಟಗೆ ಮಾತಾಡತೊಡಗಿದ್ದೇ ಅವನು ಬಂದ ಮೇಲೆ. ನಾನು ಕಸಬರಿಗೆ ತಂದು ಬಿದ್ದ ಚೂರುಗಳನ್ನು ಗುಡಿಸಿದೆ.

ಸಾಹೇಬರಿಗೆ ಉತ್ತರ ಬರೆಯಬೇಕಿತ್ತು. ಅವನಿಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತ ನಾನು ಅವನ ಮಾತನ್ನು ಹಿಂದಿಗೆ ತಿರುಗಿಸಿ ಬರೆಯುತ್ತಿದ್ದೆ.

"ಬರಿ. ಹಲಗಿ ಕೂಡಲಿಲ್ಲ. ನನ್ನ ಕೈ ಇನ್ನ ಯಾವ ಕೆಲಸಕ್ಕೂ ಬರಾಂಗಿಲ್ಲ."

"ಯಾವ ಕೆಲಸಕ್ಕೂ ಅನ್ನೂದು ಯಾಕ ತಮ್ಮಾ?"

"ಇದ್ದದ್ದ ಬರಿ ಅಕ್ಕಾ."

ಬರೆದೆ. ಅಕ್ಷರ ದುಂಡಗೆ ಬಂದವು. ಲಕೋಟೆ ಅಂಟಿಸಿ ನಾನೇ ಹೋಗಿ ಅಂಚೆ ಡಬ್ಬಿಗೆ ಹಾಕಿದೆ.

ಅಂದಿನಿಂದ ತಮ್ಮ ಅಂಗಿಯ ಗುಂಡಿಯನ್ನೂ ತಾನಾಗಿ ಹಾಕಿಕೊಳ್ಳಲಿಲ್ಲ. ಸ್ನಾನ ಮಾಡಿ ಬಂದು ನನ್ನ ಮುಂದೆ ನಿಲ್ಲುತ್ತಿದ್ದ, ನಾನು ಕೆಳಗಿನಿಂದ ಒಂದೊಂದೇ ಹಾಕುತ್ತಿದ್ದೆ. ನಿನ್ನ ಕೈಗೆ ಏನೂ ಆಗಿಲ್ಲ ಎಂದು ಹೇಳಲು ದಿನಾ ಬೆಳಿಗ್ಗೆ ಆರು ಗುಂಡಿ ಹಾಕುವಷ್ಟು ಹೊತ್ತು ನನಗೆ ಸಿಗುತ್ತಿತ್ತು. ಅವನು ಸಾಯುವವರೆಗೆ ಹನ್ನೊಂದು ವರ್ಷ ಹಾಕಿದೆ. ಹೇಳಲಿಲ್ಲ.